ಬೆನ್ನ ಮೇಲೆ ಎರಡು ತಟ್ಟು

ಪ್ಯೋ ಜೊಂಗ್ಗು ಮಾತಿನ ಮನುಷ್ಯನಲ್ಲ. ಕೊರಿಯಾದ ಮಾಸಾನ್‌ನ ಮೀನುಪೇಟೆ ಹಿಂದಿದ್ದ ಸಾರ್ವಜನಿಕ ಸ್ನಾನದ ಮನೆಯಲ್ಲಿ ಇಪ್ಪತ್ತಾರು ವರ್ಷ ಊರ ಗಂಡಸರ ಮೈ ಉಜ್ಜಿದವನು. ಕೈಗೆ ಒರಟು ಬಟ್ಟೆಯ ಹಸಿರು ಚೀಲ ತೊಟ್ಟು ಬೆನ್ನ ಮೇಲೆ ಎರಡು ಸಲ ತಟ್ಟಿದನೆಂದರೆ, ಮಲಗಿದವನು ಮಗ್ಗುಲು ಬದಲಿಸಬೇಕು. ವಕೀಲನೂ ಬದಲಿಸುತ್ತಿದ್ದ, ಮೀನು ಹೊರುವವನೂ ಬದಲಿಸುತ್ತಿದ್ದ. ಕೊರೊನಾ ಸೋಂಕು ಬಂದು ‘ಒಳಗೆ ಮಾತು ನಿಷೇಧ’ ಎಂಬ ಫಲಕ ತೂಗಿದಾಗ ತೊಂದರೆಯಾದದ್ದು ನನ್ನಂಥ ಬಾಯಿಬಡುಕರಿಗೆ.

ಆ ಚಳಿಗಾಲದಲ್ಲಿ ಮಾಸ್ಕೇ ಪಕ್ಷದ ಬಾವುಟ. ಮೂಗಿಗೇರಿಸಿದವನು ಸರ್ಕಾರದ ಕಡೆ, ಗಲ್ಲಕ್ಕಿಳಿಸಿದವನು ವಿರೋಧದ ಕಡೆ. ನನ್ನದು ಕನ್ನಡಕದ ಅಂಗಡಿ. ಗಾಜು ಮಂಜಾಗುತ್ತದೆಂದು ಮಾಸ್ಕನ್ನು ಮೂಗಿನ ತುದಿಯಲ್ಲಿ ನಿಲ್ಲಿಸಿಕೊಂಡು ಇಬ್ಬರಿಂದಲೂ ಬೈಸಿಕೊಂಡೆ.

ಸ್ನಾನದ ಮನೆ ಮುಚ್ಚಬೇಕೆಂಬ ಮಾತು ಎದ್ದಾಗ ಜೊಂಗ್ಗುವಿಗೆ ತನ್ನ ಕೆಲಸಕ್ಕಿಂತ ಹಳೆಯ ಗಿರಾಕಿ ಮೇಂಗ್ ಅಜ್ಜನ ಚಿಂತೆ. ಗುಡ್ಡದ ಮೇಲಿನ ಒಂಟಿ ಕೋಣೆ, ಮಂಜುಗಟ್ಟಿದ ನಲ್ಲಿ. ಗುರುವಾರದ ಸ್ನಾನವೊಂದೇ ಆ ಮುದುಕನಿಗಿದ್ದ ಬಿಸಿನೀರು. ಉಜ್ಜಿಸಿಕೊಳ್ಳುತ್ತ ಬೋರಲಾಗಿ ಬಿದ್ದಿದ್ದ ನಾನು, ಫಲಕ ಮರೆತು, ಇದನ್ನು ಮುಚ್ಚಲು ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಬೆತ್ತಲೆ ಮನುಷ್ಯ ಧಾರಾಳಿ.

ಮರುವಾರ ಪಕ್ಕದೂರಿನ ಸ್ನಾನದ ಮನೆಯಿಂದ ನಲವತ್ತು ಮಂದಿಗೆ ಸೋಂಕು ತಗುಲಿತು. ನಮ್ಮ ಮನೆಯಲ್ಲಿ ಎಂಬತ್ತನಾಲ್ಕರ ಅತ್ತೆ. ಭಯ ಸುಳ್ಳಾಗಿರಲಿಲ್ಲ. ಸ್ನಾನದ ಮನೆ ಮುಚ್ಚಿಸಿ ಎಂದು ನಮ್ಮ ಅಪಾರ್ಟ್‌ಮೆಂಟ್ ಸಂಘ ಮನವಿ ಬರೆಯಲು ಹೊರಟಿತು. ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ನಾನು ಅದರ ಕಾರ್ಯದರ್ಶಿ. ‘ಈಗ ಎಲ್ಲರ ಮನೆಯಲ್ಲೂ ಬಚ್ಚಲಿದೆ’ ಎಂಬ ಸಾಲು ನನ್ನದೇ. ಓದಿದವರೆಲ್ಲ ಮೆಚ್ಚಿದರು. ಹತ್ತು ದಿನದಲ್ಲಿ ಬಾಗಿಲಿಗೆ ಬೀಗ ಬಿತ್ತು; ಮಾಲೀಕ ಬೇಸತ್ತು ಕಟ್ಟಡವನ್ನೇ ಮಾರಿದ.

ಬೀಗ ಬಿದ್ದ ವಾರದ ಗುರುವಾರ ನಮ್ಮ ಗೇಟಿನ ಕರೆಗಂಟೆಯ ಪರದೆಯಲ್ಲಿ ಎರಡು ಮುಖ ಕಂಡವು. ಇಬ್ಬರ ಮಾಸ್ಕೂ ಕಣ್ಣಿನವರೆಗೆ.

“ಕಾರ್ಯದರ್ಶಿ ಅಣ್ಣಾ,” ಎಂದ ಜೊಂಗ್ಗು. ಅದುವರೆಗೆ ನಾನು ಬರೀ ಅಣ್ಣನಾಗಿದ್ದೆ. “ಎಲ್ಲರ ಮನೇಲೂ ಬಚ್ಚಲಿದೆ ಅಂತ ಬರ್ದಿದ್ರಲ್ಲ. ಅಜ್ಜಂದು ಯಾವ್ದು ಅಂತ ಕೇಳೋಕೆ ಬಂದ್ವಿ.”

“ಅತ್ತೆಗೆ ವಯಸ್ಸಾಗಿದೆ ಕಣಯ್ಯಾ...”

“ಅರ್ಧ ಗಂಟೆ. ಆಮೇಲೆ ನಾನೇ ತೊಳ್ದು ಕೊಟ್ಟು ಹೋಗ್ತೀನಿ.”

ಹೆಂಡತಿ ಹಿಂದಿನಿಂದ ಬೇಡವೆಂದು ಕೈಯಾಡಿಸಿದಳು. ತಪ್ಪನ್ನು ಹೆಂಡತಿಯ ಮೇಲೆ ಹಾಕಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಅವಳ ಕೈ ಏಳುವ ಮೊದಲೇ ನನ್ನ ಬೆರಳು ಗುಂಡಿ ಒತ್ತಿ ಪರದೆ ಆರಿಸಿತ್ತು.

“ನಡಿ ಮಗಾ, ಚಳಿ,” ಎಂದು ಅಜ್ಜ ಹೇಳಿದ್ದು ಅದಕ್ಕೂ ಮೊದಲು ಕೇಳಿಸಿತ್ತು.

ವಸಂತದಲ್ಲಿ ಹಿರಿಯರಿಗೆ ಲಸಿಕೆ ಬಂತು. ಅತ್ತೆಯನ್ನು ಕರೆದುಕೊಂಡು ಲಸಿಕೆ ಹಾಕುತ್ತಿದ್ದ ವ್ಯಾಯಾಮಶಾಲೆಗೆ ಹೋದರೆ, ಬಾಗಿಲಲ್ಲಿ ಜೊಂಗ್ಗು ಜ್ವರ ನೋಡುತ್ತಿದ್ದ. ಮೂರು ತಿಂಗಳ ಕೂಲಿ ಕೆಲಸ. ಏನಾದರೂ ಹೇಳಬೇಕಲ್ಲ ಎಂದು, ಮೇಂಗ್ ಅಜ್ಜನಿಗೆ ಲಸಿಕೆ ಆಯಿತೇ ಎಂದು ಕೇಳಿದೆ.

“ಇಲ್ಲ. ಬರಲ್ಲ ಅಂತಾನೆ.”

“ಸೂಜಿ ಭಯವೋ, ಅವನೂ ವಿರೋಧದ ಕಡೆಯೋ?” ನಗಿಸಲು ನೋಡಿದೆ.

“ಮೈ ವಾಸ್ನೆ ಬರ್ತದಂತೆ. ಜನರ ಮಧ್ಯೆ ತೋಳು ಎತ್ತೋಕೆ ನಾಚ್ಕೆ.”

ಸಾಲು ನಿಂತಿತ್ತು. ನಾನು ಅಡ್ಡಲಾಗಿದ್ದೆ. ಜೊಂಗ್ಗು ಕೈ ಚಾಚಿ ನನ್ನ ಬೆನ್ನ ಮೇಲೆ, ಹಳೆಯ ಅಭ್ಯಾಸದಂತೆ, ಎರಡು ಸಲ ತಟ್ಟಿದ.

ನಾನು ತಿರುಗಿದೆ.