ಅತ್ತೆ ಕೊರೆದ ಗೋಡೆ

ಅತ್ತೆ ಹಿಡಿದ ಉಳಿಯ ಮೇಲೆ ಸುತ್ತಿಗೆ ಬೀಸಿದ ಅಳಿಯಂದಿರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಕಳೆದ ಭಾನುವಾರದಿಂದ ನಾನಿದ್ದೇನೆ.

ನನ್ನ ಹೆಂಡತಿಯ ತವರು ತೀರ್ಥಹಳ್ಳಿ. ಮಾವ ಮನೆ ಕಟ್ಟಿಸುವ ಕಂಟ್ರಾಕ್ಟರು. ಅವರು ತೀರಿಕೊಂಡ ಮೇಲೆ ಹಿತ್ತಿಲಿನ ವರ್ಕ್‌ಶಾಪಿನ ಬೀಗ ಯಾರೂ ತೆಗೆದಿರಲಿಲ್ಲ. ಈಗ ಭಾವಮೈದುನ ರಾಜಣ್ಣ ಅದನ್ನು ಖಾಲಿ ಮಾಡಲು ಹೊರಟಿದ್ದ. ನಾನೂ ಕೈಜೋಡಿಸಿದೆ. ಒಂದು ಗೋಣಿಚೀಲದ ತುಂಬ ಕಬ್ಬಿಣದ ಸಲಾಕೆಗಳು ಸಿಕ್ಕವು. ಕೆಲವು ಗೇಣುದ್ದ, ಕೆಲವು ಮೊಳದುದ್ದ. ತುದಿಯಲ್ಲಿ ನಕ್ಷತ್ರದ ಹಾಗೆ ನಾಲ್ಕು ಅಂಚು.

ಏನಿವು? ಗಾಡಿಯ ಸಾಮಾನು ಎಂದ ರಾಜಣ್ಣ. ಪಕ್ಕದ ಮನೆಯ ಮೇಷ್ಟ್ರು ಬೇಲಿಯಾಚೆಯಿಂದಲೇ ನೋಡಿ, ಕೆಳದಿ ಅರಸರ ಕಾಲದ ಆಯುಧವೆಂದು ಸಾರಿದರು. ನಾನು ತೆಂಗಿನಕಾಯಿ ಸುಲಿಯುವುದಕ್ಕಿರಬೇಕು ಎಂದೆ. (ನಗಬೇಡಿ.)

ಕಾಫಿ ತಂದ ಅತ್ತೆ ಒಂದನ್ನೆತ್ತಿ ಸೆರಗಿನಿಂದ ತುಕ್ಕು ಒರೆಸಿದರು. ಕಲ್ಲುಗೋಡೆಗೆ ತೂತು ಹಾಕುವ ಉಳಿಗಳಂತೆ. ಈ ಮನೆ ಕಟ್ಟುವಾಗ ಆಳು ಬಾರದ ದಿನ ಅತ್ತೆ ಉಳಿ ಹಿಡಿದರೆ ಮಾವ ಹೊಡೆಯುತ್ತಿದ್ದರಂತೆ. ಮಾವ ಹೋದ ಮೇಲೆ ಅವರ ಸುದ್ದಿಯನ್ನೇ ಎತ್ತದಿದ್ದ ಅತ್ತೆ, ಅಂದು ಮಾತು ನಿಲ್ಲಿಸಲಿಲ್ಲ. ನನ್ನ ಹೆಂಡತಿ ಲೋಟ ಹಿಡಿದುಕೊಂಡೇ ಕೇಳುತ್ತ ನಿಂತಳು.

ಮಾತಿನ ನಡುವೆ ಅತ್ತೆಗೆ ರೇಡಿಯೊ ನೆನಪಾಯಿತು. ಜಗುಲಿಗೆ ತಂದಿಟ್ಟ ಹೊಸ ರೇಡಿಯೊ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಕರೆಂಟು ಇದ್ದದ್ದು ಗೋಡೆಯಾಚೆಯ ಕೋಣೆಯಲ್ಲಿ. ವೈರು ತೂರಿಸಲು ತೂತು ಕೊರೆಯಹೊರಟ ವೈರ್‌ಮನ್ನನ ಬೈರಿಗೆ ಆ ಕಲ್ಲಿನ ಮುಂದೆ ಫೇಲ್.

ಅತ್ತೆ ನೇರ ಹೋಗಿ ಉಳಿಯನ್ನು ಗೋಡೆಗಿಟ್ಟರು. ಸುತ್ತಿಗೆ ನನ್ನ ಕೈಗೆ ಬಂತು. ಗುರಿ ತಪ್ಪಿದರೆ? ಎತ್ತಿದ ಸುತ್ತಿಗೆಯನ್ನು ಕೆಳಗಿಳಿಸಿದೆ.

"ಹೊಡೀರಿ, ಹೆದರ್ಬೇಡಿ. ನಿಮ್ ಮಾವನ ಏಟಿಗೇ ಈ ಕೈ ಹೆದರ್ಲಿಲ್ಲ."

ಹೊಡೆದೆ. ಏಟು ಬಿದ್ದಂತೆಲ್ಲ ಅತ್ತೆ ಉಳಿಯನ್ನು ಒಂದಿಷ್ಟು ತಿರುಗಿಸುತ್ತಿದ್ದರು. ಇಲ್ಲವಾದರೆ ಸಿಕ್ಕಿಕೊಳ್ಳುತ್ತದಂತೆ. ಕಲ್ಲಿನ ಪುಡಿ ಉದುರತೊಡಗಿತು. ನಾನು ಸುಸ್ತಾದಾಗ ರಾಜಣ್ಣ ಹೊಡೆದ, ಅವನ ನಂತರ ನನ್ನ ಹೆಂಡತಿ. (ಗುರಿಯಲ್ಲಿ ಅವಳೇ ಫಸ್ಟ್.) ಸಂಜೆಗೆ ಆ ಬದಿಯ ಬೆಳಕು ಕಂಡಿತು!

ವೈರು ತೂರಿತು. ರೇಡಿಯೊ ಗೊರಗೊರ ಎಂದು ಹಾಡಿಯೇಬಿಟ್ಟಿತು. ಮೇಷ್ಟ್ರು ಬೇಲಿ ದಾಟಿ ಬಂದು ಚಪ್ಪಾಳೆ ತಟ್ಟಿದರು. ತಲೆತುಂಬ ಬಿಳಿ ಪುಡಿ ಹೊತ್ತ ಅತ್ತೆ, ಹಾಡು ಕೇಳುವುದು ಬಿಟ್ಟು ತೂತನ್ನೇ ನೋಡಿ ನಗುತ್ತಿದ್ದರು.

ಈಗ ಅವರ ಕಣ್ಣು ಅಡುಗೆಮನೆಯ ಗೋಡೆಯ ಮೇಲಿದೆ. ತಡೆಯುವವರು ಯಾರು ಸ್ವಾಮಿ?