ಟೈಲರಕ್ಕನ ಹುಳುಗಳು

ಪೌರನೀತಿ ಮೇಷ್ಟ್ರು ನಿವೃತ್ತರಾದ ಮೇಲೆ ನಮ್ಮ ಬೀದಿಯ ಕಸದ ಜಗಳಗಳಿಗೆ ತಾವೇ ನ್ಯಾಯಾಧೀಶರಾದರು. ಅವರು ನಿಯಮ ಓದಿ ಮುಗಿಸುವಷ್ಟರಲ್ಲಿ ಒಂದು ಜಗಳ ಎರಡಾಗುತ್ತಿತ್ತು. ಅವರ ಎದುರುಮನೆ ಟೈಲರಕ್ಕ ಎರೆಹುಳು ಗೊಬ್ಬರದ ತೊಟ್ಟಿ ಇಟ್ಟು, ಎಲ್ಲರ ಅಡುಗೆಮನೆ ಕಸವನ್ನೂ ಕೇಳಿ ಪಡೆದ ಮೇಲೆ ಬೀದಿ ತಣ್ಣಗಾಯಿತು. ಮೇಷ್ಟ್ರ ಹೊಟ್ಟೆ ಮಾತ್ರ ಉರಿಯಿತು. ತಾವೂ ತೊಟ್ಟಿ, ಹುಳು ತಂದು, ಹುಳುಗಳಿಗೆ ಔತಣವಾಗಲೆಂದು ಬುಟ್ಟಿಗಟ್ಟಲೆ ನಿಂಬೆಸಿಪ್ಪೆ ಸುರಿದರು. ಹುಳುಗಳೆಲ್ಲ ಸತ್ತವು.

ಹೆಂಡತಿ ದಬ್ಬಿದ ಮೇಲೆ ಟೈಲರಕ್ಕನ ಹತ್ತಿರ ಹುಳು ಕೇಳಲು ಹೋದರು.

"ಹುಳಿ ಅವಕ್ಕೆ ಆಗಲ್ಲ ಮೇಷ್ಟ್ರೇ. ಒಂದು ಹಿಡಿ ಕೊಡ್ತೀನಿ, ನೀವು ಕಸದ ನಿಯಮ ನಾಲ್ಕು ಸಾಲು ಬರ್ಕೊಡಿ. ಜನ ಕೇಳಿದ್ರೆ ನನಗೆ ಹೇಳಕ್ಕೆ ಬರಲ್ಲ."

ಮೇಷ್ಟ್ರು ಉಬ್ಬಿಹೋಗಿ ದುಂಡಕ್ಷರದಲ್ಲಿ ಬರೆದುಕೊಟ್ಟರು. ಆಕೆ ಅದನ್ನು ತೊಟ್ಟಿಗೆ ಅಂಟಿಸಿದರು. ಓದಿದವರೆಲ್ಲ ಮೆಚ್ಚಿದರು.

"ನಮ್ಮ ಟೈಲರಕ್ಕ ಕಾನೂನೂ ಎಷ್ಟು ತಿಳ್ಕೊಂಡಿದ್ದಾರೆ ನೋಡ್ರೀ!"

ಮೇಷ್ಟ್ರು ಕಿಟಕಿ ಹಾಕಿಕೊಂಡರು.