ಬಿಟ್ಟ ಎಲೆ ತೋರಿಸಬಾರದು

ನಮ್ಮ ಕಡೆ ಬಸ್ಸಿನ ಬಾಗಿಲಲ್ಲಿ ಇಬ್ಬರು ಹಿರಿಯರು ಎದುರಾದರೆ ಬಸ್ಸು ಹೊರಡುವುದು ತಡವಾಗುತ್ತದೆ. ಮೊನ್ನೆ ಬೈಲಹೊಂಗಲದ ನಿಲ್ದಾಣದಲ್ಲಿ ಸವದತ್ತಿಯ ಬಸ್ಸಿಗಾಗಿ ಕಾಯುತ್ತಿದ್ದೆ. ರುಮಾಲು ಸುತ್ತಿದ ಒಬ್ಬರು, ಟೊಪ್ಪಿಗೆಯ ಇನ್ನೊಬ್ಬರು, ಇಬ್ಬರೂ ಮೆಟ್ಟಿಲ ಹತ್ತಿರ ನಿಂತು ‘ನೀವ ಹತ್ರಿ’, ‘ಛೇ ಛೇ, ನೀವ ಮೊದಲ ಹತ್ರಿ’ ಎಂದು ಪರಸ್ಪರ ಸತ್ಕಾರದಲ್ಲಿ ಮುಳುಗಿದ್ದರು. ಅಷ್ಟರಲ್ಲಿ ಹಿಂದಿದ್ದ ತರುಣರು ಕಿಟಕಿಯಿಂದ ಟವೆಲ್ಲು ಒಗೆದು ಸೀಟುಗಳನ್ನೆಲ್ಲ ಹಿಡಿದಾಗಿತ್ತು. ಹಿರಿಯರಿಬ್ಬರೂ ಸವದತ್ತಿಯವರೆಗೆ ನಿಂತೇ ಬಂದರು. ಆದರೆ ಅವರ ಮುಖದಲ್ಲಿ ಯಾವ ಪಶ್ಚಾತ್ತಾಪವೂ ಕಾಣಲಿಲ್ಲ. ಮರ್ಯಾದೆ ಕೊಟ್ಟವನು ಏನನ್ನೋ ಕಳೆದುಕೊಂಡರೂ ಗೆದ್ದವನಂತೆ ಕಾಣುತ್ತಾನಲ್ಲ, ಅದು ಹೇಗೆ ಎಂಬುದು ನನಗೆ ಈ ವಯಸ್ಸಿನಲ್ಲೂ ಸರಿಯಾಗಿ ತಿಳಿದಿಲ್ಲ. ತಿಳಿಯದೆ ಒಮ್ಮೆ ಒಂದು ತಪ್ಪು ಮಾಡಿದ್ದೇನೆ. ತಪ್ಪು ಎಂಬುದು ಖಚಿತ. ಯಾವುದು ತಪ್ಪು ಎಂಬಲ್ಲಿ ಮಾತ್ರ ಗೊಂದಲ. ನೀವು ಸಾವಕಾಶವಾಗಿ ಕೇಳಿ ತೀರ್ಮಾನಿಸಿದರೆ ನನಗೆ ಉಪಕಾರವಾದೀತು.

ಎಪ್ಪತ್ತರ ದಶಕದ ಆರಂಭದ ಮಾತು. ನಾನು ಮ್ಯಾಟ್ರಿಕ್ ಮುಗಿಸಿ ಬೈಲಹೊಂಗಲದ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಗುಮಾಸ್ತನಾಗಿದ್ದೆ. ಬೇಸಿಗೆಯಲ್ಲಿ ಹತ್ತಿಯ ಹಂಗಾಮು ಮುಗಿದರೆ ಯಂತ್ರಗಳೂ ನಾವೂ ಒಟ್ಟಿಗೆ ತುಕ್ಕು ಹಿಡಿಯುತ್ತಿದ್ದೆವು. ಖಾಲಿ ಗೋದಾಮಿನಲ್ಲಿ ಇಸ್ಪೀಟು ನಡೆಯುತ್ತಿತ್ತು. ಆ ವರ್ಷ ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದಿದ್ದ ಸುಬೇದಾರ ಹುಸೇನಸಾಬರು ನಮ್ಮ ಆಟವನ್ನು ಒಂದು ಮಧ್ಯಾಹ್ನ ನೋಡಿ, ಕುರಿಸಂತೆಯನ್ನು ನೋಡಿದವರಂತೆ ಮುಖ ಕಿವಿಚಿದರು. ಅವರು ಸೈನ್ಯದ ಮೆಸ್ಸಿನಲ್ಲಿ ಪೋಕರ್ ಎಂಬ ಆಟ ಕಲಿತಿದ್ದರು. ಅದರ ಟೂರ್ನಮೆಂಟು ಇಡೋಣ, ಆದರೆ ಶಿಸ್ತು ಬೇಕು, ರೊಕ್ಕ ಕೂಡದು, ರೊಕ್ಕ ಬಂದರೆ ಪೊಲೀಸರು ಬರುತ್ತಾರೆ ಎಂದರು. ರೊಕ್ಕವಿಲ್ಲದಿದ್ದರೆ ಪಣಕ್ಕೆ ಇಡುವುದೇನನ್ನು? ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿಕಾಳಿಗೆ ಬರವೇ? ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಹತ್ತಿಕಾಳು. ಚಹದ ಬಟ್ಟಲಿನಿಂದ ಅಳೆದು ನಡುವೆ ಸುರಿಯುವುದು. ಕೊನೆಗೆ ಗೆದ್ದವರಿಗೆ ಅವರ ಎಮ್ಮೆಯ ಹೆಸರಿನಲ್ಲಿ ಒಂದು ಚೀಲ ಹತ್ತಿಕಾಳು. ಮೊದಲು ಹಿಡಿಯಿಂದ ಅಳೆಯೋಣ ಎಂದಿದ್ದೆವು. ಆದರೆ ಸವದತ್ತಿಯ ಕಿರಾಣಿ ವ್ಯಾಪಾರಿಯೊಬ್ಬರ ಹಿಡಿ, ಕೊಡುವಾಗ ಒಂದು ಅಳತೆ, ತೆಗೆದುಕೊಳ್ಳುವಾಗ ಇನ್ನೊಂದು ಅಳತೆ ಆಗುತ್ತಿದ್ದುದರಿಂದ ಬಟ್ಟಲು ಬಂತು.

ಆಟ ಕಠಿಣವೇನಲ್ಲ. ಐದೈದು ಎಲೆ ಹಂಚುವುದು, ಬೇಡದ್ದನ್ನು ಒಮ್ಮೆ ಬದಲಾಯಿಸುವುದು, ಆಮೇಲೆ ಸರದಿಯಂತೆ ಕಾಳು ಹಾಕುತ್ತ ಹೋಗುವುದು. ಒಂದೇ ತರಹದ ಎರಡು ಎಲೆಗಿಂತ ಮೂರು ದೊಡ್ಡವು. ಕೈಯಲ್ಲಿ ಏನೂ ಇಲ್ಲದವನೂ ಬಹಳ ಕಾಳು ಹಾಕಿ ಎದುರಿನವನನ್ನು ಅಂಜಿಸಿ ಓಡಿಸಬಹುದು. ಕಠಿಣವಾದದ್ದು ಶಿಷ್ಟಾಚಾರ. ತನ್ನ ಸರದಿ ಬರುವತನಕ ಬಾಯಿ ತೆರೆಯಬಾರದು. ಎಲೆ ಮೇಜಿನ ಕೆಳಗೆ ಇಳಿಯಬಾರದು. ಮುಂದೆ ಚಾಚಿದ ಕೈಯನ್ನು ಹಿಂದೆ ತೆಗೆಯುವಂತಿಲ್ಲ. ಬೆನ್ನ ಹಿಂದೆ ನಿಂತವರು ಬುದ್ಧಿ ಹೇಳಬಾರದು. ಮಿರ್ಚಿ ಭಜಿ ತಿಂದ ಕೈಯಿಂದ ಎಲೆ ಮುಟ್ಟಬಾರದು. ಈ ನಿಯಮ ಸುಬೇದಾರರ ಮೆಸ್ಸಿನದಲ್ಲ, ಬದಾಮ್ ರಾಣಿಯ ಬೆನ್ನಿಗೆ ಎಣ್ಣೆಯ ಕಲೆ ಬಿದ್ದು, ಆಕೆ ಯಾರ ಕೈಯಲ್ಲಿದ್ದಾಳೆಂದು ಇಡೀ ಗೋದಾಮಿಗೆ ತಿಳಿಯತೊಡಗಿದ ಮೇಲೆ ಸೇರಿಸಿದ್ದು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಸೋಲೊಪ್ಪಿ ಕೆಳಗಿಟ್ಟ ಎಲೆಗಳನ್ನು ಯಾರೂ ಕೇಳಬಾರದು, ಯಾರಿಗೂ ತೋರಿಸಬಾರದು. ಏಕೆ ಎಂದು ನಾನು ಕೇಳಿದೆ. ಸುಬೇದಾರರು ಏಕೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಅಭ್ಯಾಸವಿದ್ದವರಲ್ಲ.

ಇವೆಲ್ಲವನ್ನೂ ಪಾಲಿಸಬಹುದಿತ್ತು, ಪಾಲಿಸಲಾಗದೆ ಹೋದದ್ದು ಯಾರೂ ಬರೆಯದ ಇನ್ನೊಂದು ನಿಯಮದಿಂದ. ಹಿರಿಯರು ಎರಡು ಬಟ್ಟಲು ಹಾಕಿದಾಗ ಕಿರಿಯನು ಮೂರು ಹಾಕುವುದು ಹೇಗೆ? ಕಿತ್ತೂರಿನಿಂದ ಬರುತ್ತಿದ್ದ ವಯಸ್ಸಾದ ವಕೀಲರು ಕಾಳು ಸುರಿದರೆಂದರೆ ಸಾಲಾಗಿ ಎಲ್ಲರೂ ‘ನಿಮ್ಮ ಮುಂದ ನಾವೇನ್ರಿ’ ಎಂದು ಎಲೆ ಕೆಳಗಿಡುತ್ತಿದ್ದರು. ಅಭ್ಯಾಸಕ್ಕೆಂದು ಆಡಿದ ದಿನಗಳಲ್ಲಿ ಪ್ರತಿ ಸಲವೂ ವಯಸ್ಸಿನ ಪ್ರಕಾರವೇ ಗೆಲುವು ಹಂಚಿಹೋಯಿತು. ಸುಬೇದಾರರು ಮೇಜು ಗುದ್ದಿದರು.

‘ಇಲ್ಲೆ ಯಾರೂ ಹಿರಿಯರಲ್ಲ, ಯಾರೂ ಕಿರಿಯರಲ್ಲ! ಎಲ್ಲಾರೂ ಆಟಗಾರರು, ಅಷ್ಟ!’

‘ಅಂದ್ರ ಸಾಬರ, ನಿಮ್ಮನ್ನ ಲೇ ಹುಸೇನ್ಯಾ ಅನ್ನಬೇಕೇನ್ರಿ?’ ಎಂದು ವಕೀಲರು ಬಹಳ ವಿನಯದಿಂದ ಕೇಳಿದರು.

‘ನನ್ನ ಏನೂ ಅನ್ನೂದ ಬ್ಯಾಡ್ರಿ, ವಕೀಲಸಾಹೇಬ್ರ. ನಿಮ್ಮ ಎಲಿ ನೋಡಕೊಳ್ರಿ.’

ಹೀಗೆ ಶಿಸ್ತೂ ಮರ್ಯಾದೆಯೂ ಒಂದೇ ಬೆಂಚಿನ ಮೇಲೆ ಇಕ್ಕಟ್ಟಾಗಿ ಕುಳಿತಿದ್ದಾಗ, ಟೂರ್ನಮೆಂಟಿನ ದಿನ ರಾಮದುರ್ಗದಿಂದ ಈರಪ್ಪನವರು ಬಂದಿಳಿದರು. ಈರಪ್ಪನವರಿಗೆ ಅಲ್ಲಿ ಕೆಲವು ಕೈಮಗ್ಗಗಳಿದ್ದವು, ತಲೆಗೆ ಸುತ್ತಿದ ಜರಿ ಅಂಚಿನ ಪಟಗವಿತ್ತು, ಮದುವೆಗೆ ಬಂದ ಮಗಳಿದ್ದಳು. ಆಕೆಯನ್ನು ನನಗೆ ತರುವ ಮಾತು ನಮ್ಮ ಶಿವಲಿಂಗ ಕಾಕಾನ ಮುಖಾಂತರ ನಡೆದಿತ್ತು. ನಾನು ಹುಡುಗಿಯನ್ನು ನೋಡಿ ಬಂದಿದ್ದೆ. ನೋಡಿದಂದಿನಿಂದ ಲೆಕ್ಕ ಬರೆಯುವಾಗ ಕೂಡಿಸುವಲ್ಲಿ ಕಳೆಯುತ್ತಿದ್ದೆ. ಆದರೆ ಈರಪ್ಪನವರು ಹೂಂ ಎಂದಿರಲಿಲ್ಲ. ಮನೆಗೆ ಬಂದು ಉಪ್ಪಿಟ್ಟು ತಿಂದು ನೋಡಿದರೆ ಎಲ್ಲ ಹುಡುಗರೂ ಒಳ್ಳೆಯವರೇ, ಆಟಕ್ಕೆ ಕೂತಾಗ ನೋಡಬೇಕು ಎಂಬುದು ಅವರ ವಾದ. ಅದಕ್ಕಾಗಿಯೇ ಬಂದಿದ್ದರು.

ಕಾಕಾ ನನ್ನನ್ನು ತೂಕದ ಕಾಟಾದ ಮರೆಗೆ ಕರೆದೊಯ್ದು ಉಪದೇಶ ಮಾಡಿದ.

‘ನೋಡ ತಮ್ಮಾ, ಅವರನ್ನ ಸೋಲಸಬ್ಯಾಡ, ಹಿರ್ಯಾರು, ಸಿಟ್ಟ ಬರತೈತಿ. ನೀನೂ ಸೋಲಬ್ಯಾಡ, ಹುಡುಗ ದಡ್ಡ ಐತಿ ಅಂತಾರ.’

‘ಮತ್ತ ಏನ ಮಾಡ್ಲಿ ಕಾಕಾ?’

‘ಅದು ನನಗೇನ ಗೊತ್ತು? ಮ್ಯಾಟ್ರಿಕ್ ಕಲ್ತಂವ ನೀನೋ ನಾನೋ?’

ಇದಾದ ಮೇಲೆ ನಾನು ಹೋಗಿ ಮೇಜಿಗೆ ಕುಳಿತೆ. ಹೊಸಬರಾದ್ದರಿಂದ ಈರಪ್ಪನವರಿಗೆ ಸುಬೇದಾರರು ನಿಯಮಗಳನ್ನೆಲ್ಲ ಗಟ್ಟಿಯಾಗಿ ಹೇಳಿದರು. ಅವರು ಪೂಜೆಯ ಸಂಕಲ್ಪ ಕೇಳುವವರಂತೆ ಕೈಕಟ್ಟಿ ಕೇಳಿದರು. ಆಟ ನಡೆಯಿತು. ಹಿರಿತನ ರದ್ದಾದುದರಿಂದಲೋ ಏನೋ ವಕೀಲರು ಬೇಗ ಖಾಲಿಯಾದರು. ಸವದತ್ತಿಯವರು ತಮ್ಮ ಹಿಡಿಯ ಕೌಶಲ ಬಟ್ಟಲಿನಲ್ಲಿ ನಡೆಯದೆ ನೊಂದುಕೊಂಡು ಎದ್ದರು. ಬಿಸಿಲು ಗೋದಾಮಿನ ಬಾಗಿಲಿನಿಂದ ಓರೆಯಾಗಿ ಬೀಳುವ ಹೊತ್ತಿಗೆ ಮೇಜಿನಲ್ಲಿ ಉಳಿದವರು ಈರಪ್ಪನವರು ಮತ್ತು ನಾನು. ನನ್ನ ಬೆನ್ನ ಹಿಂದೆ ಕಾಕಾ, ಮಾತಾಡುವಂತಿರಲಿಲ್ಲವಾದ್ದರಿಂದ ಕೆಮ್ಮುತ್ತಿದ್ದ. ಒಂದು ಕೆಮ್ಮಿಗೆ ಮುಂದೆ ಹೋಗು ಎಂದೋ, ಎರಡಕ್ಕೆ ನಿಲ್ಲು ಎಂದೋ ನಾವು ಮೊದಲೇ ಮಾತಾಡಿಕೊಂಡಿರಲಿಲ್ಲ. ಆದ್ದರಿಂದ ಆ ಕೆಮ್ಮು ನನ್ನ ಗೊಂದಲವನ್ನು ಹೆಚ್ಚಿಸಿತೇ ಹೊರತು ಬೇರೇನನ್ನೂ ಮಾಡಲಿಲ್ಲ.

ಕೊನೆಯ ಹಂಚಿಕೆಯಲ್ಲಿ ನನಗೆ ಮೂರು ರಾಜರು ಬಂದರು. ಆ ದಿನವೆಲ್ಲ ಯಾರೂ ಮೂರು ರಾಜರನ್ನು ತೆರೆದು ತೋರಿಸಿರಲಿಲ್ಲ. ಈರಪ್ಪನವರು ತಮ್ಮ ಎಲೆಗಳನ್ನು ನೋಡಿ, ಮೀಸೆಯನ್ನೊಮ್ಮೆ ಒರೆಸಿಕೊಂಡು, ಬಟ್ಟಲನ್ನು ಬದಿಗಿಟ್ಟು, ಎರಡೂ ಕೈಗಳಿಂದ ತಮ್ಮ ಮುಂದಿನ ಕಾಳಿನ ರಾಶಿಯನ್ನೆಲ್ಲ ನಡುವೆ ನೂಕಿದರು. ನಾನೂ ನೂಕಿದರೆ ಎಲೆ ತೆರೆಯಬೇಕಾಗುತ್ತದೆ. ತೆರೆದರೆ ಬಹುಶಃ ಗೆಲ್ಲುತ್ತೇನೆ. ಗೆದ್ದರೆ ಪರ ಊರಿನಿಂದ ಬಂದ ಹಿರಿಯರು ಇಷ್ಟು ಜನರ ಮುಂದೆ ಮಗಳನ್ನು ಕೊಡಬೇಕಾದ ಹುಡುಗನಿಗೆ ಸೋತು ಬಸ್ಸು ಹತ್ತಬೇಕಾಗುತ್ತದೆ. ನನ್ನ ಕೈಯಲ್ಲಿ ಮೂರು ರಾಜರು, ಕಣ್ಣ ಮುಂದೆ ರಾಮದುರ್ಗದ ಮನೆಯ ನಡುಮನೆಯ ಬಾಗಿಲು, ಅದರ ಹಿಂದಿನಿಂದ ಅರ್ಧ ಕಂಡ ಒಂದು ಮುಖ. ಎಲೆಗಳನ್ನು ಬೋರಲಾಗಿ ಕೆಳಗಿಟ್ಟೆ.

‘ಬಿಟ್ಟೆ ರೀ.’

‘ಏನಿತ್ತೋ ತಮ್ಮಾ ಕೈಯಾಗ?’ ಎಂದರು ಈರಪ್ಪನವರು.

‘ಬಿಟ್ಟ ಎಲಿ ಕೇಳಬಾರದ್ರಿ!’ ಸುಬೇದಾರರು ಮತ್ತೆ ಮೇಜು ಗುದ್ದಿದರು.

ನಾನು ಸುಮ್ಮನಿದ್ದಿದ್ದರೆ ಸಾಕಿತ್ತು, ನಿಯಮ ನನ್ನನ್ನು ಕಾಯುತ್ತಿತ್ತು. ಆದರೆ ಹಿರಿಯರು ಕೇಳಿದಾಗ ಉತ್ತರ ಕೊಡದಿರುವುದು ನಮ್ಮಲ್ಲಿ ಅಗೌರವ. ‘ಏನೂ ಇರಲಿಲ್ಲ ಬಿಡ್ರಿ’ ಎಂದುಬಿಟ್ಟೆ.

ಈರಪ್ಪನವರು ತಮ್ಮ ಎಲೆಗಳನ್ನು ಮಗುಚಿದರು. ಎರಡರ ದುರಿ, ಐದರ ಪಂಜಿ, ಏಳರ ಸತ್ತಿ, ಉಳಿದವೂ ಅಂಥವೇ. ಒಂದಕ್ಕೊಂದು ಸಂಬಂಧವಿಲ್ಲದ ಅನಾಥ ಎಲೆಗಳು. ‘ನನ್ನ ಕೈಯಾಗೂ ಏನಿಲ್ಲೋ! ಏನೂ ಇಲ್ಲದಂವ ಏನೂ ಇಲ್ಲದಂವನ್ನ ಹೊಡದ!’ ಎಂದು ಅವರು ನಕ್ಕ ನಗು, ಅಷ್ಟು ಗಂಭೀರ ಮನುಷ್ಯನ ಹೊಟ್ಟೆಯಲ್ಲಿ ಎಲ್ಲಿ ಅಡಗಿತ್ತೋ, ಪಟಗ ಜಾರಿ ಕಾಳಿನ ರಾಶಿಯ ಮೇಲೆ ಬಿತ್ತು. ಹೊರಡುವ ಮುನ್ನ ಕಾಕಾನ ಕೈ ಹಿಡಿದು ಹೇಳಿದರು: ‘ತನ್ನ ಹಂತ್ಯಾಕ ಏನಿಲ್ಲ ಅನ್ನೂದು ತಿಳಕೊಂಡು ಹಿಂದ ಸರಿಯೂ ಹುಡುಗ. ಇಂಥಂವಗ ಕೊಡಬಹುದ್ರಿ.’

ಹೀಗೆ, ಇಲ್ಲದ ಗುಣವೊಂದನ್ನು ಮೆಚ್ಚಿ, ಇದ್ದ ರಾಜರನ್ನು ಅರಿಯದೆ, ಅವರು ನನಗೆ ಶಾಂತಾಳನ್ನು ಕೊಟ್ಟರು. ಹತ್ತಿಕಾಳಿನ ಚೀಲವೂ ಅವರ ಹಿಂದೆಯೇ ಬಸ್ಸಿನ ಮೇಲೇರಿ ರಾಮದುರ್ಗಕ್ಕೆ ಹೋಯಿತು.

ಆಮೇಲೆ ಆ ಕಥೆ ನಮ್ಮ ಮನೆತನದ ಆಸ್ತಿಯಾಯಿತು. ಮಾವನವರು ಅದನ್ನು ಸೀಮಂತದಲ್ಲಿ ಹೇಳಿದರು, ಗೃಹಪ್ರವೇಶದಲ್ಲಿ ಹೇಳಿದರು, ನೂಲು ಕೊಳ್ಳಲು ಹೋದ ಅಂಗಡಿಯಲ್ಲಿ ಹೇಳಿದರು. ಬದುಕೆಲ್ಲ ಅಳತೆ ತಪ್ಪದೆ ನೇಯ್ದ ಆ ಮನುಷ್ಯ ಒಂದೇ ಒಂದು ದಿನ ಏನೂ ಇಲ್ಲದೆ ಧೈರ್ಯ ಮಾಡಿದ್ದರು, ಅದು ಫಲಿಸಿತ್ತು. ಹೇಳುವಾಗೆಲ್ಲ ಎರಡೂ ಕೈಗಳಿಂದ ಗಾಳಿಯನ್ನು ಮುಂದೆ ನೂಕುತ್ತಿದ್ದರು. ‘ಆ ವರ್ಷ ನಮ್ಮ ಎಮ್ಮಿ ಹುಸಿ ತಿಂದು ಖರೇ ಹಾಲ ಕೊಟ್ಟೈತ್ರಿ’ ಎಂದಾಗ ಎಲ್ಲರೂ ನಗುತ್ತಿದ್ದರು. ಮೊದಮೊದಲು ನಾನೂ ನಗುತ್ತಿದ್ದೆ. ಆದರೆ ಕಥೆ ಹೇಳುತ್ತ ಹೇಳುತ್ತ ಬೆಳೆಯುವಂಥದ್ದು. ವರ್ಷ ಕಳೆದಂತೆ ಅದರಲ್ಲಿ ಅವರ ಧೈರ್ಯ ದೊಡ್ಡದಾಯಿತು, ಅದಕ್ಕೆ ಸರಿಯಾಗಿ ನನ್ನ ಅಂಜಿಕೆಯೂ ದೊಡ್ಡದಾಯಿತು. ನಾನು ಬೆವೆತೆ, ನನ್ನ ಕೈ ನಡುಗಿತು, ನೀರು ಕೇಳಿದೆ. ಎಲ್ಲಕ್ಕೂ ಹಲ್ಲು ಕಿರಿದುಕೊಂಡು ಕುಳಿತಿರುವುದು ಅಳಿಯನ ಧರ್ಮ.

ಆ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಎರಡನೆಯ ಮಗುವಿನ ತೊಟ್ಟಿಲ ಸಮಾರಂಭ, ರಾಮದುರ್ಗದ ಅದೇ ಮನೆ. ಶಾಂತಾಳ ತಂಗಿಯ ಹೊಸ ಗಂಡ, ಅಂದರೆ ನನ್ನ ಷಡ್ಡಕ, ಪ್ರಥಮ ಬಾರಿಗೆ ಈ ಕಥೆ ಕೇಳಿದ. ನಕ್ಕು ನನ್ನ ಕಡೆ ತಿರುಗಿ, ‘ಅಣ್ಣಾರ, ಎಮ್ಮಿ ತಿನ್ನೂ ಹತ್ತಿಕಾಳಿಗೆ ಅಂಜಿದ್ರೇನ್ರಿ?’ ಎಂದ. ಪಂಕ್ತಿಯೆಲ್ಲ ನಕ್ಕಿತು. ಹೆಂಗಸರ ಕಡೆಯಿಂದಲೂ ನಗು ಬಂತು. ಅದು ಬರದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ.

‘ನನ್ನ ಕೈಯಾಗ ಮೂರ ರಾಜಾ ಇದ್ದೂವು’ ಎಂದೆ.

ಮಾವನವರ ಕೈಗಳು ಇನ್ನೂ ಗಾಳಿಯಲ್ಲಿ ಮುಂದೆ ಚಾಚಿದ್ದವು. ‘ಚೇಷ್ಟಿ ಮಾಡಬ್ಯಾಡ ಅಳ್ಯಾ’ ಎಂದರು ನಗುತ್ತಲೇ.

‘ಖರೇನ ರೀ ಮಾವಾರ. ನೀವು ಹಿರಿಯರು ಅಂತ ಬಿಟ್ಟೆ.’

ಅವರು ನಿಧಾನವಾಗಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ‘ಹಂಗಾರ ನಾ ಗೆದ್ದಿಲ್ಲೇನಪಾ?’ ಎಂದು ಕೇಳಿದರು. ಅದರಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವನು ಊರ ಹೆಸರು ಕೇಳುವಂತೆ ಕೇಳಿದರು. ಯಾರೋ ‘ಹೋಳಿಗಿ ತರ್ರಿ, ಹೋಳಿಗಿ’ ಎಂದು ಕೂಗಿ ಮಾತು ಮರೆಸಿದರು.

ಸಂಜೆ ಶಾಂತಾ ಕೇಳಿದಳು: ‘ಅಪ್ಪನ್ನ ಯಾಕ ಸೋಲಿಸಿದ್ರಿ?’

‘ನಾ ಎಲ್ಲಿ ಸೋಲಿಸೇನಿ? ಅವತ್ತ ಗೆಲ್ಲಾಕ ಬಿಟ್ಟೇನಿ.’

‘ಇವತ್ತ ಸೋಲಿಸಿದ್ರಲ್ಲಾ.’

ನಾನು ನನ್ನಷ್ಟಕ್ಕೆ ವಾದ ಹೂಡಿದೆ. ಸುಳ್ಳು ಹೇಳಿದ್ದು ಅಂದು, ನಿಜ ಹೇಳಿದ್ದು ಇಂದು. ಹಾಗಾದರೆ ಇಂದು ನಾನು ತಪ್ಪನ್ನು ತಿದ್ದಿಕೊಂಡಂತಾಯಿತಲ್ಲವೇ? ಬಿಟ್ಟ ಎಲೆ ತೋರಿಸಬಾರದೆಂಬ ನಿಯಮ ಆಟ ಮುಗಿಯುವವರೆಗೆ ಮಾತ್ರ ಎಂದು ತಿಳಿದಿದ್ದೆ. ಕೆಲವು ಆಟಗಳು ಎಂದು ಮುಗಿಯುತ್ತವೆಂದು ಯಾರು ಹೇಳಬೇಕು? ಅಂದು ಎಲೆ ಬಿಟ್ಟದ್ದು ಅವರ ಮರ್ಯಾದೆಗೋ, ಅವರ ಮಗಳಿಗೋ? ‘ನೀವು ಹಿರಿಯರು ಅಂತ’ ಎಂದೆನಲ್ಲ, ಅದೂ ಪೂರ್ತಿ ನಿಜವಾಗಿರಲಿಲ್ಲ. ಇಷ್ಟು ವರ್ಷ ತಿರುವಿ ತಿರುವಿ ನೋಡಿದರೂ ಸುಳ್ಳು ಎಲ್ಲಿ ಮುಗಿದು ಮರ್ಯಾದೆ ಎಲ್ಲಿ ಶುರುವಾಗುತ್ತದೆಂಬುದು ನನ್ನ ಮ್ಯಾಟ್ರಿಕ್ ವಿದ್ಯೆಗೆ ಹತ್ತುತ್ತಿಲ್ಲ.

ಮಾವನವರು ಆ ಕಥೆಯನ್ನು ಮತ್ತೆಂದೂ ಹೇಳಲಿಲ್ಲ. ಬೇರೆಯವರು ಕೇಳಿದರೆ, ‘ಅದೇನ ಬಿಡ್ರಿ’ ಎಂದು ಮಗ್ಗದ ಕಡೆ ಎದ್ದು ಹೋಗುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ನಾನು ಹೋದಾಗ ಮಾತ್ರ ಅವರೇ ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಚಾಪೆ ಹಾಸಿ, ಇಸ್ಪೀಟಿನ ಕಟ್ಟನ್ನೂ ಹತ್ತಿಕಾಳಿನ ಬುಟ್ಟಿಯನ್ನೂ ತಂದಿಟ್ಟು, ‘ಬಾ, ಖರೇ ಆಡೂಣು’ ಎಂದರು. ನಾನು ಮೈಯೆಲ್ಲ ಎಚ್ಚರವಾಗಿ ಕುಳಿತೆ. ನಿಜವಾಗಿ ಆಡಿದೆ. ಒಂದೆರಡು ಸಲ ನಾನು ಗೆದ್ದೆ, ಅವರು ತಲೆಯಾಡಿಸಿದರು. ಆಮೇಲೊಮ್ಮೆ ಅವರು ಎರಡೂ ಕೈಗಳಿಂದ ಕಾಳನ್ನು ಮುಂದೆ ನೂಕಿದರು. ನನ್ನ ಕೈಯಲ್ಲಿ ನಿಜಕ್ಕೂ ಏನೂ ಇರಲಿಲ್ಲ, ದೇವರಾಣೆಗೂ ಇರಲಿಲ್ಲ. ‘ಬಿಟ್ಟೆ ರೀ’ ಎಂದು ಎಲೆ ಕೆಳಗಿಟ್ಟೆ.

ಅವರು ಕಾಳಿನ ರಾಶಿಯನ್ನು ಎಳೆದುಕೊಳ್ಳಲಿಲ್ಲ. ಮುಂದಕ್ಕೆ ಬಾಗಿ, ನನ್ನ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡಿದರು. ಚೌಕಟ್ ದುರಿ. ಕಿಲಾವರ್ ಚೌಕಿ. ನೋಡಿದ ಮೇಲೆ ನನ್ನ ಮುಖ ನೋಡಿದರು, ಆಮೇಲೆ ಮತ್ತೆ ಎಲೆಗಳನ್ನು.

‘ಬದಲಾಯಿಸೂದರಾಗ ಚೊಲೋ ಎಲಿ ಒಗದಿಲ್ಲಲ್ಲಾ?’

‘ಇಲ್ರೀ ಮಾವಾರ.’

‘ಹೂಂ’ ಎಂದರು. ಬದಿಗೆ ಒಗೆದಿದ್ದ ಎಲೆಗಳ ಕಡೆಗೂ ಕೈ ಚಾಚಿದರು. ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡರು. ಎಲೆಗಳನ್ನೆಲ್ಲ ಕೂಡಿಸಿ, ಅಂಚು ಸಮ ಮಾಡಿ, ಮತ್ತೆ ಹಂಚತೊಡಗಿದರು. ಗೆದ್ದ ಕಾಳು ನಮ್ಮಿಬ್ಬರ ನಡುವೆ ಹಾಗೆಯೇ ಬಿದ್ದಿತ್ತು, ಯಾರದೂ ಅಲ್ಲದಂತೆ.